ಲೆಕ್ಕ ಬರೆಯೋದು ಯಾರು?

ಲಿಂಗಂಪಲ್ಲಿಯಿಂದ ಇವತ್ತು ‘ಗೃಹಭಂಗ’ದ ಮಾತು. ಎಸ್. ಎಲ್. ಭೈರಪ್ಪನವರ 1970ರ ಕಾದಂಬರಿಯನ್ನು ಗಿರೀಶ ಕಾಸರವಳ್ಳಿ ಧಾರಾವಾಹಿ ಮಾಡಿದ್ರು. ಬಂದಿದ್ದು ನಮ್ಮ ಹೈದರಾಬಾದಿನವರೇ ಆದ ರಾಮೋಜಿ ರಾವ್ ಬಳಗದ ಈಟಿವಿ ಕನ್ನಡದಲ್ಲಿ.

ಕಥೆ ಸ್ವಾತಂತ್ರ್ಯಕ್ಕೆ ಮುಂಚಿನದು. ಶಾನುಭೋಗಿಕೆ ಗಂಡ ಚೆನ್ನಿಗರಾಯನದು. ಕಂದಾಯದ ಲೆಕ್ಕ ಬರೆಯೋದು ಹೆಂಡತಿ ನಂಜಮ್ಮ. ಮಕ್ಕಳ ಹೊಟ್ಟೆಗೆ ಅಂತ ಮುತ್ತುಗದ ಎಲೆಯನ್ನೂ ಹಚ್ಚುತ್ತಾಳೆ. ಅಧಿಕಾರ ಮಾತ್ರ ಅವನ ಹೆಸರಲ್ಲಿ.

ಈಗ ನಮ್ಮ ಫ್ಲ್ಯಾಟುಗಳಿಗೆ ಬನ್ನಿ. ಹೆಂಡತಿಗೂ ಕೆಲಸ ಇದೆ, ಸಂಬಳ ಅವಳ ಖಾತೆಗೇ ಬೀಳುತ್ತೆ. ದೊಡ್ಡ ಬದಲಾವಣೆ, ನಿಜ. ಆದ್ರೆ ಆಫೀಸ್ ಕಾಲ್ ನಡುವೆ ಗ್ಯಾಸ್ ಬುಕ್ ಮಾಡೋದು, ಅತ್ತೆಯ ಮಾತ್ರೆ ನೆನಪಿಡೋದು ಯಾರು? ಮಗುವಿನ ಮುಂದಿನ ಲಸಿಕೆ ಯಾವತ್ತು ಅಂತ ನನ್ನನ್ನೇ ಕೇಳಿ, ಗೊತ್ತಿಲ್ಲ.

ಚೆನ್ನಿಗರಾಯನನ್ನು ಬೈಯೋದು ಸುಲಭ. ಗಂಡಸರೇ, ಇವತ್ತು ರಾತ್ರಿ ಮನೆಯ ಲೆಕ್ಕದಲ್ಲಿ ಅರ್ಧ ನಾವು ಬರೆಯೋಣ.