ಟರ್ಬೊ ಕಾರಿಗೆ ಮೊದಲ ಖರ್ಚು ಯಾವುದು?

ನನ್ನ ಗ್ಯಾರೇಜಿಗೆ ಬರುವ ಹುಡುಗರ ಮೊದಲ ಮಾತು ಹೆಚ್ಚುಕಮ್ಮಿ ಒಂದೇ: “ಅಣ್ಣ, ರೀಮ್ಯಾಪ್ ಮಾಡಿಸಬೇಕು.” ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಲೆಕ್ಕಾಚಾರವನ್ನು (ಮ್ಯಾಪ್) ಬದಲಿಸಿ ಶಕ್ತಿ ಏರಿಸುವುದು. ಕಾರು ಬಹುತೇಕ ಹಳೆಯ ಪೋಲೊ ಜಿಟಿ ಟಿಎಸ್‌ಐ. 1.2 ಲೀಟರಿನ ಎಂಜಿನ್, 105 ಪಿಎಸ್ ಶಕ್ತಿ, 175 ಎನ್‌ಎಂ ಟಾರ್ಕ್. ವಾರವಿಡೀ ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ತೆವಳುವ ಈ ಕಾರನ್ನು ಎಂದಾದರೊಂದು ಭಾನುವಾರ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಓಡಿಸಬೇಕೆಂಬ ಆಸೆ. ನಾನು ತಿರುಗಿ ಕೇಳುವುದು, “ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದಪ್ಪ?” ಸಾಮಾನ್ಯವಾಗಿ ಉತ್ತರ ಬರುವುದಿಲ್ಲ.

ಗಂಟೆಗೆ 100 ಕಿ.ಮೀ. ಬದಲು 140ರಲ್ಲಿ ಹೋಗುವ ಕಾರನ್ನು ನಿಲ್ಲಿಸಲು ಬ್ರೇಕು ಸುಮಾರು ಎರಡು ಪಟ್ಟು ಶಕ್ತಿಯನ್ನು ನುಂಗಬೇಕು. ಅದೆಲ್ಲ ಡಿಸ್ಕು, ಪ್ಯಾಡುಗಳಲ್ಲಿ ಬಿಸಿಯಾಗಿ ಕೂರುತ್ತದೆ. ಹೊಸ ಡಾಟ್ 4 ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದೆಂಬ ನಿಯಮವಿದೆ. ಆದರೆ ಅದು ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ತೇವ ಕುಡಿದ ಆಯಿಲಿಗೆ ಆ ಮಿತಿ 155 ಮಾತ್ರ. ಕುದ್ದರೆ ಪೈಪಿನೊಳಗೆ ಆವಿ ತುಂಬುತ್ತದೆ, ಒತ್ತಿದ ಪೆಡಲು ನೆಲ ಮುಟ್ಟುತ್ತದೆ, ಕಾರು ಮಾತ್ರ ಹೋಗುತ್ತಲೇ ಇರುತ್ತದೆ. ಆದ್ದರಿಂದ ಮೊದಲು ಹೊಸ ಆಯಿಲ್, ಒಳ್ಳೆಯ ಪ್ಯಾಡ್, ಆಮೇಲೆ ಟೈರು. ಪ್ಯಾಡಿನಲ್ಲೂ ಒಂದು ಕೊಕ್ಕೆ ಇದೆ: ಪೂರಾ ಟ್ರ್ಯಾಕಿಗೆಂದೇ ಮಾಡಿದ್ದು ಬಿಸಿಯಾಗದೆ ಸರಿಯಾಗಿ ಹಿಡಿಯುವುದಿಲ್ಲ. ಮುಂಜಾನೆ ಹಾಲಿಗೆ ಹೊರಟ ಕಾರಿಗೆ ಅದು ಅಪಾಯ.

ಶತ್ರು ಎಂಜಿನ್ನಿನಲ್ಲೂ ಬಿಸಿಯೇ. ಟರ್ಬೊ ಗಾಳಿಯನ್ನು ಅದುಮಿದಷ್ಟೂ ಗಾಳಿ ಕಾಯುತ್ತದೆ. ಇಂಟರ್‌ಕೂಲರ್ ಅದನ್ನು ತಣಿಸಲಾಗದಿದ್ದರೆ ಪೆಟ್ರೋಲು ಹೊತ್ತಿಗೆ ಮುಂಚೆ, ಬೇಕಾಬಿಟ್ಟಿ ಉರಿಯತೊಡಗುತ್ತದೆ. ಇದು ತಿಳಿದೊಡನೆ ಆ ಕಂಪ್ಯೂಟರ್ (ಇಸಿಯು) ಕಿಡಿ ಹಾರಿಸುವ ಸಮಯವನ್ನು ಹಿಂದೆ ಹಾಕಿ ಎಂಜಿನ್ ಉಳಿಸುತ್ತದೆ, ಶಕ್ತಿ ಇಳಿಯುತ್ತದೆ. ಎರಡು ಸುತ್ತು ಹಾರಿದ ಕಾರು ಐದನೆಯದರಲ್ಲಿ ಮಂಕಾಗುವುದು ಹೀಗೆ. ಸುಮಾರು 900 ಮೀಟರ್ ಎತ್ತರದ ನಮ್ಮೂರಿನ ಗಾಳಿ ತೆಳು, ಅಷ್ಟೇ ಒತ್ತಡ ಕೊಡಲು ಟರ್ಬೊ ಇನ್ನಷ್ಟು ತಿರುಗಬೇಕು. ಇಲ್ಲಿ ಒಂದು ತಂಪು ಸಂಜೆ ಪರೀಕ್ಷಿಸಿದ ಮ್ಯಾಪು ಚೆನ್ನೈ ಟ್ರ್ಯಾಕಿನ ಮಧ್ಯಾಹ್ನಕ್ಕೂ ಸರಿಯೆಂದು ನಾನು ನಂಬುವುದಿಲ್ಲ. ಸುತ್ತು ಹೊಡೆಯುವಾಗಲೇ ಒಳಬರುವ ಗಾಳಿಯ ತಾಪವನ್ನು ದಾಖಲಿಸಿ ತನ್ನಿ, ಮಾತಾಡೋಣ.

ಇಷ್ಟಾದ ಮೇಲೆ ರೀಮ್ಯಾಪ್. ಅಲ್ಲೂ ಮಿತಿ ಹೇರುವುದು ಎಂಜಿನ್ ಅಲ್ಲ, ಗೇರ್‌ಬಾಕ್ಸು. ಈ ಪೋಲೊದ ಏಳು ಗೇರಿನ, ಒಣ ಕ್ಲಚ್ಚಿನ ಡಿಎಸ್‌ಜಿಯನ್ನು ರೂಪಿಸಿರುವುದೇ 250 ಎನ್‌ಎಂ ಟಾರ್ಕಿಗೆ. ಟರ್ಬೊದ ಒತ್ತಡ ಏರಿಸಿ ಆ ಅಂಚಿಗೆ ತಂದಿಟ್ಟು ಮತ್ತೆ ಟ್ರಾಫಿಕ್ಕಿನಲ್ಲಿ ತೆವಳಿಸಿದರೆ ಕ್ಲಚ್ಚಿನ ಗತಿ ಏನು? ದುಡ್ಡು ನಿಮ್ಮದು. ಹೆಚ್ಚು ಆಕ್ಟೇನಿಗೆ ಬರೆದ ಮ್ಯಾಪಿಗೆ ಕಡಿಮೆ ಆಕ್ಟೇನಿನ ಪೆಟ್ರೋಲು ಹಾಕಿದರೂ ಕಷ್ಟ. ಊರಿಂದೂರಿಗೆ ಹೋಗುವಾಗ ಎಲ್ಲ ಬಂಕಿನಲ್ಲೂ ದುಬಾರಿ ಪೆಟ್ರೋಲು ಸಿಕ್ಕೀತೆಂಬ ಭರವಸೆ ಬೇಡ.

ಇನ್ನು ಕಾನೂನು. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಅಪಘಾತವಾದಾಗ ವಿಮೆಯವರು ಮೊದಲು ಹುಡುಕುವುದೂ ಇಂಥದ್ದನ್ನೇ. ಗುಡುಗುವ ಸೈಲೆನ್ಸರ್ ಕೇಳಿದವರಿಗೆ ನನ್ನದು ಒಂದೇ ಪ್ರಶ್ನೆ: ಮನೆಯಲ್ಲಿ ಮಧ್ಯಾಹ್ನ ಮಲಗುವ ಅಜ್ಜಿ ಇದ್ದಾರಾ?