ಗುಂಡಿಗೊಂದು ಕಟ್

ಧಾರಾವಾಹಿ ಎಡಿಟಿಂಗ್ ನನ್ನ ಕಸುಬು. ಹಾಗಾಗಿ ‘ಕ್ರೈಮ್ ಪೆಟ್ರೋಲ್’ ಆಡಲು ಕೂತರೆ ಕಳ್ಳರಿಗಿಂತ ಮೊದಲು ಕಣ್ಣಿಗೆ ಬೀಳುವುದು ಕಟ್‌ಗಳು. ಹೆಸರು ಕೇಳಿ ಹಿಂದಿ ಟಿವಿ ಕಾರ್ಯಕ್ರಮ ನೆನಪಾದರೆ, ಅದಲ್ಲ. ಇದು ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಅಲ್ಬುಕರ್ಕಿಯಲ್ಲಿದ್ದ ಅಮೆರಿಕನ್ ಲೇಸರ್ ಗೇಮ್ಸ್ ಕಂಪನಿ 1993ರಲ್ಲಿ ಆರ್ಕೇಡ್‌ಗಳಿಗೆ, ಅಂದರೆ ನಾಣ್ಯ ಹಾಕಿ ಆಡುವ ವಿಡಿಯೊ ಗೇಮ್ ಅಂಗಡಿಗಳಿಗೆ, ತಂದ ಆಟ. ದೊಡ್ಡ ಪೆಟ್ಟಿಗೆ, ಅದರಲ್ಲೊಂದು ಪರದೆ, ಮುಂದೆ ವೈರು ಕಟ್ಟಿದ ಪ್ಲಾಸ್ಟಿಕ್ ಪಿಸ್ತೂಲು. ನಾಣ್ಯ ಹಾಕಿದರೆ ನೀವು ಆಗಷ್ಟೇ ಕೆಲಸಕ್ಕೆ ಸೇರಿದ ಪೊಲೀಸ್. ಗೆಲ್ಲುತ್ತ ಹೋದರೆ ಮಫ್ತಿ ಕೆಲಸ, ಆಮೇಲೆ ಪೊಲೀಸರ ವಿಶೇಷ ಸ್ವಾಟ್ ಪಡೆ, ಕೊನೆಗೆ ಸೇನೆಯ ಡೆಲ್ಟಾ ಫೋರ್ಸ್.

ಪರದೆಯ ಮೇಲಿರುವವರು ನಿಜವಾದ ನಟರು. ಗುಂಡು ಬಿದ್ದವನು ಎದೆ ಹಿಡಿದುಕೊಂಡು, ತಿರುಗಿ, ಸಾವಕಾಶವಾಗಿ ಸಾಯುತ್ತಾನೆ. ನಮ್ಮ ಧಾರಾವಾಹಿಯವರೂ ನಾಚಬೇಕು! ಕ್ಯಾಮೆರಾ ನೋಡಬೇಡಿ ಎಂದು ನಾವು ನಟರಿಗೆ ಮೊದಲ ದಿನವೇ ಹೇಳುತ್ತೇವಲ್ಲ, ಇಲ್ಲಿ ಎಲ್ಲರೂ ನೇರ ಕ್ಯಾಮೆರಾಕ್ಕೇ ಬಂದೂಕು ಹಿಡಿಯುತ್ತಾರೆ. ಕ್ಯಾಮೆರಾ ಎಂದರೆ ನೀವೇ.

ಪಿಸ್ತೂಲಿನಿಂದ ಏನೂ ಹೊರಗೆ ಹೋಗುವುದಿಲ್ಲ, ಅದು ನೋಡುತ್ತದೆ ಅಷ್ಟೆ. ಹಳೆಯ ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಚಿತ್ರ ಒಂದೇ ಸಲಕ್ಕೆ ಮೂಡುತ್ತಿರಲಿಲ್ಲ. ಬೆಳಕಿನ ಒಂದು ಚುಕ್ಕೆ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಗೆರೆ ಎಳೆಯುತ್ತ ಹೋಗುತ್ತಿತ್ತು. ನೀವು ಗುರಿಯಿಟ್ಟ ಜಾಗಕ್ಕೆ ಆ ಚುಕ್ಕೆ ಬಂದ ಕ್ಷಣ ನಳಿಗೆಯೊಳಗಿನ ಸೆನ್ಸರ್ ಸುಳಿವು ಕೊಡುತ್ತದೆ. ಎಷ್ಟು ಹೊತ್ತಿಗೆ ಸುಳಿವು ಬಂತು ಎನ್ನುವುದರಿಂದ ಕಂಪ್ಯೂಟರ್ ಜಾಗ ಲೆಕ್ಕ ಹಾಕುತ್ತದೆ. ಅಲ್ಲಿಗೆ ಗುಂಡು ತಗಲಿತೋ ಇಲ್ಲವೋ ತೀರ್ಮಾನ.

ಮುಂದಿನದು ನನ್ನ ಕಸುಬಿನ ಮಾತು. ಚಿತ್ರವೆಲ್ಲ ಇರುವುದು ಲೇಸರ್‌ಡಿಸ್ಕ್‌ನಲ್ಲಿ; 30 ಸೆಂಟಿಮೀಟರ್ ಅಗಲದ ತಟ್ಟೆ, ಒಂದು ಮಗ್ಗುಲಿಗೆ ಅರ್ಧ ಗಂಟೆ, 54,000 ಫ್ರೇಮು. ಪ್ರತಿ ಫ್ರೇಮಿಗೂ ನಂಬರ್ ಇದೆ. ಕಿಟಕಿಯಲ್ಲಿ ಕಳ್ಳ ಇಣುಕಿದ. ಕಂಪ್ಯೂಟರಿನ ಆಜ್ಞೆ ಇಷ್ಟೇ: ಹೊಡೆದರೆ ಅವನು ಸಾಯುವ ಫ್ರೇಮಿಗೆ ನೆಗೆ, ತಪ್ಪಿದರೆ ಅವನೇ ನಿಮಗೆ ಹೊಡೆಯುವ ಕಡೆ ಮುಂದುವರಿ. ಸೆಟ್ಟಿನಲ್ಲಿ ಒಂದೇ ನಟನಿಂದ ಎರಡೂ ಅಂತ್ಯ ತೆಗೆಸಬೇಕು. ಬೆಳಕು, ನಿಂತ ಜಾಗ, ಕೈಯ ಎತ್ತರ ಎರಡಕ್ಕೂ ಹೊಂದಬೇಕು. ಅದೇನೂ ಪೂರ್ತಿ ಹೊಂದುವುದಿಲ್ಲ. ಹೊಡೆದ ಕೂಡಲೇ ಪರದೆ ಅರೆಕ್ಷಣ ಕಪ್ಪಾಗಿ, ಕಳ್ಳ ಗೇಣುದ್ದ ಪಕ್ಕಕ್ಕೆ ಸರಿದಿರುತ್ತಾನೆ! ಕಪ್ಪಾಗುವುದು ಲೇಸರ್‌ಡಿಸ್ಕ್ ಪ್ಲೇಯರಿನ ಕಣ್ಣು ತಟ್ಟೆಯ ಮೇಲೆ ಹೊಸ ಜಾಗ ಹುಡುಕುವ ಹೊತ್ತು.

ಇದರಿಂದಲೇ ಆಟದ ಗುಟ್ಟೂ ಬಯಲಾಗುತ್ತದೆ. ಮುಂಚೆಯೇ ಚಿತ್ರೀಕರಿಸಿಟ್ಟ ಕಳ್ಳ ಪ್ರತಿ ಸಲ ಅದೇ ಮೂಲೆಯಿಂದ, ಅದೇ ಕ್ಷಣಕ್ಕೆ ಬರುತ್ತಾನೆ. ನಾಲ್ಕಾರು ಸಲ ಆಡಿದವನಿಗೆ ಗುರಿಗಿಂತ ನೆನಪೇ ಮುಖ್ಯ.

ಚಿತ್ರೀಕರಿಸಿದ ನಟರಿಗೆ ಗುಂಡು ಹೊಡೆಸುವ ಈ ತಂತ್ರ ಹುಟ್ಟಿದ್ದು ಮನರಂಜನೆಗಲ್ಲ. ಕಂಪನಿ ಕಟ್ಟಿದ ರಾಬರ್ಟ್ ಗ್ರೀಬ್ ಮೊದಲು ಮಾಡಿದ್ದು ಪೊಲೀಸರಿಗೆ ಬಂದೂಕಿನ ತರಬೇತಿ ಕೊಡುವ ವಿಡಿಯೊ ವ್ಯವಸ್ಥೆ. ಅದನ್ನೇ ಆಟವಾಗಿಸಿದಾಗ 1990ರಲ್ಲಿ ಬಂದದ್ದು ಕೌಬಾಯ್ ಕಥೆಯ ‘ಮ್ಯಾಡ್ ಡಾಗ್ ಮೆಕ್ರೀ’. ಅಂಥ ತರಬೇತಿಯಲ್ಲಿ ಯಾವಾಗ ಹೊಡೆಯಬಾರದು ಎಂಬುದೂ ಪಾಠವೇ. ಆಟದಲ್ಲೂ ಅಮಾಯಕರಿಗೆ ಹೊಡೆದರೆ ಒಂದು ಜೀವ ಹೋಗುತ್ತದೆ. ಆದರೆ ಇನ್ನೊಂದು ನಾಣ್ಯಕ್ಕೆ ಅದು ವಾಪಸು ಸಿಗುತ್ತದೆ. ಈ ವ್ಯಾಪಾರ ನನಗೆ ಅಷ್ಟಾಗಿ ಹಿಡಿಸದು.

1994ರಲ್ಲಿ ಸೆಗಾ ಕಂಪನಿಯ ‘ವರ್ಚುವಾ ಕಾಪ್’ ಆಟ ಬಂತು. ಅದರ ಕಳ್ಳರು ಕಂಪ್ಯೂಟರ್ ಚಿತ್ರಗಳು: ಕೈಗೆ ಹೊಡೆದರೆ ಒಂದು ರೀತಿ, ಎದೆಗೆ ಹೊಡೆದರೆ ಇನ್ನೊಂದು, ನಡುವೆ ಕಪ್ಪು ಪರದೆಯ ಕಾಟವಿಲ್ಲ. ನಟರ ಆಟಗಳಿಗೆ ಆರ್ಕೇಡ್‌ನಲ್ಲಿ ಬೆಲೆ ಇಳಿಯಿತು. ಅಲ್ಬುಕರ್ಕಿಯ ಕಂಪನಿ ಮಾತ್ರ ಕವಲೊಡೆಯುವ ಚಿತ್ರವನ್ನು ಬಿಡಲಿಲ್ಲ. 1995ರಲ್ಲಿ ‘ಹರ್ ಇಂಟರ್‌ಆ್ಯಕ್ಟಿವ್’ ಎಂಬ ಹೆಸರಿನಲ್ಲಿ, ಹೈಸ್ಕೂಲ್ ಹುಡುಗಿಯರಿಗಾಗಿ ನಟರನ್ನೇ ಇಟ್ಟುಕೊಂಡು ‘ಮೆಕೆಂಜಿ ಆ್ಯಂಡ್ ಕೋ’ ಮಾಡಿತು. ಅಲ್ಲಿ ಕಥೆ ತಿರುಗುವುದು ಗುಂಡಿನಿಂದಲ್ಲ, ನಾಯಕಿ ಏನು ಉತ್ತರ ಕೊಡಬೇಕೆಂದು ನೀವು ಒತ್ತುವ ಮೌಸ್‌ನಿಂದ.