ಮಂಡ್ಯ ಜಿಲ್ಲೆಯ ಆಲೆಮನೆಗಳು: ರಾಸಾಯನಿಕರಹಿತ ಬೆಲ್ಲದ ತಯಾರಿಕೆ ಮತ್ತು ಮಾರಾಟ

(ರೈತರ ಹಾಗೂ ಸಾರ್ವಜನಿಕರ ಮಾಹಿತಿಗಾಗಿ)

ಮಂಡ್ಯ ಜಿಲ್ಲೆಯಲ್ಲಿ ಕಬ್ಬು ಬೆಳೆಯುವ ರೈತನಿಗೆ ಎರಡು ದಾರಿಗಳಿವೆ. ಒಂದು ಸಕ್ಕರೆ ಕಾರ್ಖಾನೆ, ಮತ್ತೊಂದು ಆಲೆಮನೆ. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯ ಮೂಲಕ ಹರಿಯಲಾರಂಭಿಸಿದ ನಂತರ ಈ ಭಾಗದಲ್ಲಿ ಕಬ್ಬಿನ ಬೇಸಾಯವು ವಿಸ್ತಾರಗೊಂಡಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪನೆಯಾಯಿತು. ಕಾರ್ಖಾನೆಯಿಂದ ಕಟಾವಿನ ಅನುಮತಿ ತಡವಾದಾಗ ಅಥವಾ ಬಾಕಿ ಹಣಕ್ಕೆ ಕಾಯಲು ಸಾಧ್ಯವಿಲ್ಲದಿದ್ದಾಗ ರೈತನಿಗೆ ಆಸರೆಯಾಗುವುದು ಊರಿನ ಸಮೀಪದ ಆಲೆಮನೆಯೇ. ಆದಕಾರಣ ಆಲೆಮನೆಯ ಉಳಿವು ಅದರ ಮಾಲೀಕನಿಗಷ್ಟೇ ಅಲ್ಲದೆ ಸುತ್ತಲಿನ ಬೆಳೆಗಾರರಿಗೂ ಸಂಬಂಧಿಸಿದ ವಿಷಯವಾಗಿದೆ.

ಬಣ್ಣ ಮತ್ತು ಬೆಲೆ

ಗಾಣದಲ್ಲಿ ಅರೆದ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿ, ಸುಣ್ಣ ಹಾಗೂ ಬೆಂಡೆಯ ಲೋಳೆಯನ್ನು ಸೇರಿಸಿ, ಮೇಲೆ ಬರುವ ಮಡ್ಡಿಯನ್ನು ತೆಗೆದು, ಪಾಕ ಹದಕ್ಕೆ ಬಂದ ಮೇಲೆ ಅಚ್ಚಿಗೆ ಸುರಿಯುವುದು ಹಿಂದಿನಿಂದ ಬಂದ ಕ್ರಮ. ಈ ಕ್ರಮದಲ್ಲಿ ತಯಾರಾದ ಬೆಲ್ಲವು ಸಾಮಾನ್ಯವಾಗಿ ಕಂದು ಬಣ್ಣದ್ದಾಗಿರುತ್ತದೆ. ಚೌಳು ಮಣ್ಣಿನಲ್ಲಿ ಬೆಳೆದ ಕಬ್ಬಿನ ಬೆಲ್ಲ ಮತ್ತಷ್ಟು ಕಪ್ಪಾಗಿದ್ದು, ಉಪ್ಪಿನ ರುಚಿಯನ್ನೂ ಹೊಂದಿರುವುದುಂಟು. ಕಡಿದ ಕಬ್ಬನ್ನು ದಿನಗಟ್ಟಲೆ ಹಾಗೆಯೇ ಬಿಟ್ಟರೆ ಅದರ ಸಕ್ಕರೆ ಅಂಶವು ಒಡೆದು ಬೆಲ್ಲ ಗಟ್ಟಿಯಾಗುವುದಿಲ್ಲ. ಆದ್ದರಿಂದ ಕಡಿದ ಒಂದು ದಿನದೊಳಗೆ ಅರೆಯುವುದು ಉತ್ತಮ.

ಆದರೆ ಮಾರುಕಟ್ಟೆಯು ಹೊಂಬಣ್ಣದ ಬೆಲ್ಲಕ್ಕೆ ಹೆಚ್ಚಿನ ಬೆಲೆ ನೀಡುತ್ತದೆ. ಈ ಬಣ್ಣಕ್ಕಾಗಿಯೇ ಹಲವೆಡೆ ಸೋಡಿಯಂ ಹೈಡ್ರೋಸಲ್ಫೈಟ್, ಅಂದರೆ ಆಲೆಮನೆಯವರು ಹೈಡ್ರೋಸ್ ಎಂದು ಕರೆಯುವ ಪುಡಿಯನ್ನು ಹಾಕಲಾಗುತ್ತಿದೆ. ಬೆಲ್ಲದಲ್ಲಿ ಉಳಿಯುವ ಗಂಧಕದ ಡೈಆಕ್ಸೈಡ್ ನಿಗದಿತ ಮಿತಿಯನ್ನು ಮೀರಿದಲ್ಲಿ ಅದು ಆಹಾರ ಸುರಕ್ಷತಾ ಕಾಯ್ದೆಯ ಉಲ್ಲಂಘನೆಯಾಗುತ್ತದೆ. ಉಬ್ಬಸವುಳ್ಳವರಿಗೆ ಇದರಿಂದ ತೊಂದರೆಯೂ ಉಂಟಾಗಬಹುದು.

ಮಾಲೀಕನು ಹೀಗೇಕೆ ಮಾಡುತ್ತಾನೆ ಎಂಬುದನ್ನು ಲೆಕ್ಕದಿಂದ ತಿಳಿಯಬಹುದು. ಒಂದು ಟನ್ ಕಬ್ಬಿನಿಂದ ಸುಮಾರು 100 ಕಿಲೋ ಬೆಲ್ಲ ದೊರೆಯುತ್ತದೆ. ಎರಡು ಬಣ್ಣಗಳ ನಡುವೆ ಕಿಲೋಗೆ ಕೇವಲ 5 ರೂಪಾಯಿ ಅಂತರವಿದೆ ಎಂದು ಭಾವಿಸಿದರೂ, ದಿನಕ್ಕೆ 5 ಟನ್ ಅರೆಯುವ ಆಲೆಮನೆಗೆ ದಿನವೊಂದಕ್ಕೆ 2,500 ರೂಪಾಯಿಗಳ ವ್ಯತ್ಯಾಸವಾಗುತ್ತದೆ. ತಿಳಿವಳಿಕೆ ನೀಡಿದ ಮಾತ್ರಕ್ಕೆ ಈ ಮೊತ್ತವನ್ನು ಯಾರೂ ಬಿಟ್ಟುಕೊಡಲಾರರು. ಶುದ್ಧ ಬೆಲ್ಲವನ್ನು ಅದರ ಹೆಸರಿನಿಂದಲೇ ಕೇಳಿ ಕೊಳ್ಳುವ ಗ್ರಾಹಕನಿಗೆ ನೇರವಾಗಿ ತಲುಪಿಸಿದಾಗ ಮಾತ್ರ ಈ ನಷ್ಟವು ತುಂಬಿಬರಲು ಸಾಧ್ಯ.

ಪ್ಯಾಕಿಂಗ್ ಮತ್ತು ಲೇಬಲ್

ನೇರ ಮಾರಾಟಕ್ಕೆ ದೊಡ್ಡ ಅಚ್ಚು ಅನುಕೂಲಕರವಲ್ಲ. ಸಣ್ಣ ಅಚ್ಚು, ಪುಡಿ ಬೆಲ್ಲ, ಒಂದು ಕಿಲೋ ಹಾಗೂ ಅರ್ಧ ಕಿಲೋ ಪೊಟ್ಟಣಗಳಿಗೆ ಬೇಡಿಕೆಯಿರುತ್ತದೆ. ಬೆಲ್ಲವು ಗಾಳಿಯ ತೇವವನ್ನು ಹೀರಿ ಮಳೆಗಾಲದಲ್ಲಿ ಕರಗುವುದರಿಂದ ಒಣಗಿಸುವ ವ್ಯವಸ್ಥೆ ಹಾಗೂ ತೇವ ತಡೆಯುವ ಪೊಟ್ಟಣ ಅತ್ಯಗತ್ಯ. ತಯಾರಕರು ಆಹಾರ ಸುರಕ್ಷತೆಯ ನೋಂದಣಿ ಅಥವಾ ಪರವಾನಗಿ ಪಡೆದು, ಅದರ 14 ಅಂಕಿಗಳ ಸಂಖ್ಯೆಯೊಂದಿಗೆ ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಕೆಯ ದಿನಾಂಕ ಮುಂತಾದ ವಿವರಗಳನ್ನು ಲೇಬಲ್ಲಿನಲ್ಲಿ ಮುದ್ರಿಸತಕ್ಕದ್ದು.

ಇಲ್ಲಿ ಆಗಾಗ್ಗೆ ಕಂಡುಬರುವ ಗೊಂದಲವೊಂದಿದೆ. ಹೈಡ್ರೋಸ್ ಹಾಕದ ಬೆಲ್ಲವೆಲ್ಲವೂ ಸಾವಯವ ಬೆಲ್ಲವಲ್ಲ. ಗೊಬ್ಬರ, ಕೀಟನಾಶಕ ಬಳಸಿ ಬೆಳೆದ ಕಬ್ಬಿನಿಂದ ತಯಾರಿಸಿದ್ದರೆ ಅದನ್ನು ರಾಸಾಯನಿಕ ಬೆರೆಸದ ಬೆಲ್ಲವೆಂದಷ್ಟೇ ಹೇಳಬಹುದು. 2017ರ ಸಾವಯವ ಆಹಾರ ನಿಯಮಾವಳಿಯನ್ವಯ, ಪ್ರಮಾಣೀಕರಣವಿಲ್ಲದೆ ‘ಸಾವಯವ’ ಎಂದು ಮುದ್ರಿಸಿ ಅಂಗಡಿಗಳಿಗೆ ಸರಬರಾಜು ಮಾಡುವಂತಿಲ್ಲ.

ಸಹಾಯಧನದ ಲೆಕ್ಕ

ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ನಿಯಮಬದ್ಧಗೊಳಿಸುವಿಕೆ ಯೋಜನೆಯನ್ನು ಕೇಂದ್ರ ಸರ್ಕಾರವು 2020ರಲ್ಲಿ ಆರಂಭಿಸಿತು. ‘ಒಂದು ಜಿಲ್ಲೆ ಒಂದು ಉತ್ಪನ್ನ’ ಕ್ರಮದಲ್ಲಿ ಮಂಡ್ಯ ಜಿಲ್ಲೆಗೆ ಬೆಲ್ಲವನ್ನು ಆಯ್ಕೆ ಮಾಡಲಾಯಿತು. ಯೋಜನಾ ವೆಚ್ಚದ ಶೇ.35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಾಲ ಸಂಪರ್ಕಿತ ಸಹಾಯಧನವು ಯೋಜನೆಯ ಮೂಲ ಸ್ವರೂಪ. ರಾಜ್ಯ ಸರ್ಕಾರವು ಶೇ.15ನ್ನು ಹೆಚ್ಚುವರಿಯಾಗಿ ಸೇರಿಸಿದ್ದರಿಂದ ಕರ್ನಾಟಕದಲ್ಲಿ ಇದು ಶೇ.50, ಗರಿಷ್ಠ 15 ಲಕ್ಷ ರೂಪಾಯಿ ಆಯಿತು. ರಾಜ್ಯದಲ್ಲಿ ಅನುಷ್ಠಾನದ ಹೊಣೆಯನ್ನು ಕೆಪೆಕ್ ಸಂಸ್ಥೆಗೆ ವಹಿಸಲಾಯಿತು.

ಅರ್ಧ ಹಣವನ್ನು ಸರ್ಕಾರವೇ ಕೊಡುತ್ತದೆ ಎಂಬ ಮಾತನ್ನು ಮಾತ್ರ ಕೇಳಿ ಅರ್ಜಿ ಸಲ್ಲಿಸುವುದು ಸರಿಯಲ್ಲ. ಉದಾಹರಣೆಗೆ 10 ಲಕ್ಷ ರೂಪಾಯಿಗಳ ಘಟಕವೆಂದರೆ ಕನಿಷ್ಠ 1 ಲಕ್ಷ ಸ್ವಂತ ಬಂಡವಾಳ ಹೂಡಬೇಕು. ಉಳಿದ 9 ಲಕ್ಷ ಬ್ಯಾಂಕ್ ಸಾಲ. ಸಹಾಯಧನದ 5 ಲಕ್ಷ ಫಲಾನುಭವಿಯ ಕೈಗೆ ನಗದಾಗಿ ಬರುವುದಿಲ್ಲ. ಸಾಲ ನೀಡಿದ ಬ್ಯಾಂಕಿನಲ್ಲಿಯೇ ಇರುತ್ತದೆ. ಸಾಲದ ಕೊನೆಯ ಕಂತು ಬಿಡುಗಡೆಯಾಗಿ 3 ವರ್ಷಗಳ ನಂತರವೂ ಖಾತೆ ಸುಸ್ಥಿತಿಯಲ್ಲಿದ್ದು ಘಟಕವು ನಡೆಯುತ್ತಿದ್ದಲ್ಲಿ ಮಾತ್ರ ಅದನ್ನು ಸಾಲಕ್ಕೆ ಹೊಂದಾಣಿಕೆ ಮಾಡಲಾಗುತ್ತದೆ. ಕಂತು ತಪ್ಪಿ ಖಾತೆಯು ಅನುತ್ಪಾದಕವಾದರೆ ಈ ಲಾಭವು ಕೈತಪ್ಪುತ್ತದೆ. ಬೆಲ್ಲದ ಕೆಲಸವು ವರ್ಷವಿಡೀ ಒಂದೇ ಸಮನೆ ನಡೆಯುವುದಿಲ್ಲವಾದ್ದರಿಂದ, ಅರೆಯುವ ಕೆಲಸ ನಿಂತ ತಿಂಗಳುಗಳ ಕಂತಿಗೂ ಕಬ್ಬು ಪೂರೈಸಿದ ರೈತರ ಹಣಕ್ಕೂ ದುಡಿಯುವ ಬಂಡವಾಳವನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳುವುದು ಕ್ಷೇಮ. ಯಂತ್ರ ಕೊಂಡು, ಕಬ್ಬು ಕೊಳ್ಳಲು ಹಣವಿಲ್ಲದೆ ಬಾಗಿಲು ಮುಚ್ಚುವ ಪರಿಸ್ಥಿತಿ ಬರಬಾರದು.

ಸ್ವಸಹಾಯ ಸಂಘಗಳ ಸದಸ್ಯರಿಗೆ ತಲಾ 40,000 ರೂಪಾಯಿವರೆಗೆ ಬೀಜಧನಕ್ಕೂ ಯೋಜನೆಯಲ್ಲಿ ಅವಕಾಶ ಕಲ್ಪಿಸಲಾಯಿತು. ಅಚ್ಚು, ತೂಕ ಹಾಗೂ ಪ್ಯಾಕಿಂಗ್ ಕೆಲಸವನ್ನು ಮಹಿಳಾ ಸಂಘಗಳು ವಹಿಸಿಕೊಳ್ಳಬಹುದು.

ತೆರಿಗೆಯ ಬಗ್ಗೆ ಒಂದು ಮಾತು. ದಿನಾಂಕ 18-7-2022ರಿಂದ ಲೇಬಲ್ ಸಹಿತ ಪೊಟ್ಟಣದ ಬೆಲ್ಲಕ್ಕೆ ಶೇ.5 ಜಿಎಸ್‌ಟಿ ವಿಧಿಸಲಾಯಿತು; ಬಿಡಿ ಬೆಲ್ಲಕ್ಕೆ ಇಲ್ಲ. ಬೆಲೆ ನಿಗದಿಪಡಿಸುವಾಗ ಇದನ್ನು ಗಮನದಲ್ಲಿಡತಕ್ಕದ್ದು.

ಯೋಜನೆಯನ್ನು ಮೂಲತಃ 2024-25ರವರೆಗೆ ರೂಪಿಸಿ, ನಂತರ ಅವಧಿಯನ್ನು ವಿಸ್ತರಿಸಲಾಯಿತು. ಆದ್ದರಿಂದ ಯಂತ್ರಗಳಿಗೆ ಮುಂಗಡ ನೀಡುವ ಮೊದಲು, ಅರ್ಜಿ ಸ್ವೀಕರಿಸಲಾಗುತ್ತಿದೆಯೇ ಎಂಬುದನ್ನು ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳುವುದು. ಅರ್ಜಿ ಹಾಗೂ ಯೋಜನಾ ವರದಿ ಸಿದ್ಧಪಡಿಸಲು ನೆರವಾಗುವ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿಗೆ ಯೋಜನೆಯಿಂದಲೇ ಸಂಭಾವನೆ ನಿಗದಿಯಾಗಿರುವುದರಿಂದ ಅರ್ಜಿದಾರರು ಅವರಿಗೆ ಹಣ ನೀಡಬೇಕಾಗಿಲ್ಲ. ಬೆಲ್ಲ ತಯಾರಿಕೆಯ ತಾಂತ್ರಿಕ ಸಲಹೆಗೆ ಮಂಡ್ಯದ ವಿ.ಸಿ. ಫಾರಂನ ವಲಯ ಕೃಷಿ ಸಂಶೋಧನಾ ಕೇಂದ್ರವನ್ನು ಸಂಪರ್ಕಿಸಬಹುದು.